ಓದು ಬಾರದ್ದು ಮಗುವಿನ ತಪ್ಪೇ?

ಕಳೆದ ತಿಂಗಳು ನಮ್ಮ ಊರಿನ ಒಂದು ಸರ್ಕಾರಿ ಶಾಲೆಯ ಅಂಗಳದಲ್ಲಿ ಸಮಾರಂಭ ನಡೆಯಿತು. ಗಣ್ಯರೊಬ್ಬರು ಬಡ ಮಕ್ಕಳಿಗೆ ನೋಟ್‌ಬುಕ್ಕು ಹಂಚಿದರು. ಪ್ರತಿಯೊಂದು ನೋಟ್‌ಬುಕ್ಕಿನ ರಟ್ಟಿನ ಮೇಲೂ ಅವರದೇ ಭಾವಚಿತ್ರ. ಹಾರ ಬಿತ್ತು, ಫೋಟೋ ತೆಗೆದದ್ದಾಯಿತು. ಆಮೇಲೆ ಮೈಕಿನ ಮುಂದೆ ನಿಂತು ಅವರು ಅಪ್ಪಣೆ ಕೊಡಿಸಿದರು: "ಸರ್ಕಾರ ಅನ್ನ ಕೊಡುತ್ತಿದೆ, ಹಾಲು ಕೊಡುತ್ತಿದೆ, ಬಟ್ಟೆ ಪುಸ್ತಕ ಕೊಡುತ್ತಿದೆ. ಆದರೂ ಈ ಮಕ್ಕಳಿಗೆ ಓದು ಹತ್ತುತ್ತಿಲ್ಲ. ಏನು ಮಾಡೋಣ, ತಂದೆ ತಾಯಿಗೇ ಆಸಕ್ತಿ ಇಲ್ಲ!"

ಅಂಗಳದ ಅಂಚಿನಲ್ಲಿ, ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದು ನಿಂತಿದ್ದ ತಂದೆ ತಾಯಿಗಳು ತಲೆ ತಗ್ಗಿಸಿದರು.

ಈ ಮಾತಿಗೆ ನಾವು ಅಲ್ಲೇ ಉತ್ತರ ಕೊಡಬೇಕಾಗಿತ್ತು. ಕೊಡಲಿಲ್ಲ. ಏಕೆಂದರೆ ನಮ್ಮ ಗಂಟಲಲ್ಲೂ ಒಂದು ಮುಳ್ಳಿತ್ತು. ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವೂ ಮೇಷ್ಟರಾಗಿದ್ದವರು. ಒಂದೇ ಕೋಣೆಯಲ್ಲಿ ಎರಡು ತರಗತಿ ಕೂಡಿಸಿಕೊಂಡು ಪಾಠ ಹೇಳಿದವರು. ಹಿಂದಿನ ಸಾಲಿನಲ್ಲಿ ಒಬ್ಬ ಹಮಾಲಿಯ ಮಗ ಕೂರುತ್ತಿದ್ದ. ನಾಲ್ಕನೆಯ ತರಗತಿಗೆ ಬಂದರೂ ಒಂದು ಸಾಲು ಓದಲಾರ. ಅವನ ಪ್ರಗತಿ ಪತ್ರದಲ್ಲಿ "ಆಸಕ್ತಿ ಇಲ್ಲ" ಎಂದು ನಮ್ಮ ಕೈಯಾರೆ ಬರೆದು ರುಜು ಹಾಕಿದೆವು. ಒಂದು ಭಾನುವಾರ ಮಂಡಿಪೇಟೆಯಲ್ಲಿ ಅದೇ ಹುಡುಗ ಅಪ್ಪನ ಜೊತೆಗಿದ್ದ. ಮೂಟೆಗಳ ಮೇಲಿನ ಮಾರ್ಕು ನೋಡಿ, ಇದು ಯಾವ ಮಂಡಿಯದು, ಇದು ಯಾವ ಲಾರಿಗೆ ಹೋಗಬೇಕು ಎಂದು ಒಂದೂ ತಪ್ಪದೆ ಹೇಳುತ್ತಿದ್ದ. ಅಂಥ ಕಣ್ಣುಳ್ಳ ಹುಡುಗನಿಗೆ ಐವತ್ತು ಅಕ್ಷರ ಕಲಿಸಲಾರದೆ, ದೋಷವನ್ನು ಅವನ ತಲೆಗೇ ಕಟ್ಟಿದ್ದೆವು. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ನಮ್ಮದು ಅದೇ ಕಥೆ.

ಆ ಮುಳ್ಳನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಲು ನಮಗೆ ನೆರವಾದದ್ದು ಸಾವಿರಾರು ಮೈಲಿ ದೂರದ ಒಬ್ಬ ಮೇಷ್ಟರ ಬಾಳು. ಅಮೆರಿಕದ ಬಾಸ್ಟನ್ ನಗರದ ಜೋನಾಥನ್ ಕೊಜೋಲರ ಕಥೆಯನ್ನು ಇಂದು ನಮ್ಮ ಗಿರಣಿ ಬಂಧುಗಳ, ಅಂಗಡಿ ಬಂಧುಗಳ ಮುಂದೆ ಇಡುತ್ತೇವೆ. "ಅಮೆರಿಕದ ಉಸಾಬರಿ ನಮಗೇಕೆ?" ಎಂದು ಕೇಳುವವರು ಕೊನೆಯ ತನಕ ಓದಿ ಆಮೇಲೆ ಕೇಳಲಿ.

ಬಾಸ್ಟನ್ನಿನ ಶಾಲೆ

ಕೊಜೋಲರು 1936ರಲ್ಲಿ ಹುಟ್ಟಿದರು. ಬಡವರ ಮನೆಯವರಲ್ಲ, ವೈದ್ಯರ ಮಗ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿದರು. ಎಲ್ಲಾದರೂ ಪ್ರಾಧ್ಯಾಪಕರಾಗಿ ಸುಖವಾಗಿ ಇದ್ದುಬಿಡಬಹುದಾಗಿತ್ತು. ಆದರೆ 1964ರ ಜೂನ್ ತಿಂಗಳಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಒಂದು ಘೋರ ಕೃತ್ಯ ನಡೆಯಿತು. ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಚೇನಿ, ಗುಡ್‌ಮನ್, ಶ್ವರ್ನರ್ ಎಂಬ ಮೂವರು ತರುಣರನ್ನು ಕೊಂದು, ಮಣ್ಣಿನ ಏರಿಯ ಕೆಳಗೆ ಹೂತರು. ಅದಕ್ಕೆ ಒಂದು ತಿಂಗಳ ಹಿಂದೆ, ಅದೇ ರಾಜ್ಯದ ಜ್ಯಾಕ್ಸನ್ ನಗರದಲ್ಲಿ, ಬಿಳಿಯರಿಗೆ ಮಾತ್ರ ಮೀಸಲಾದ ಉಪಾಹಾರ ಗೃಹವನ್ನು ಪ್ರವೇಶಿಸಲು ಹೋಗಿ ಬಂಧನಕ್ಕೊಳಗಾದವರು ನಮ್ಮ ಡಾಕ್ಟರ್ ರಾಮಮನೋಹರ ಲೋಹಿಯಾ. 1951ರಲ್ಲಿ ಕಾಗೋಡಿನ ಗೇಣಿದಾರರ ಪಕ್ಕದಲ್ಲಿ ನಿಂತು ಬಂಧನಕ್ಕೊಳಗಾದ ಅದೇ ಲೋಹಿಯಾ. ಕಾಗೋಡಿಗೂ ಜ್ಯಾಕ್ಸನ್ನಿಗೂ ನಡುವೆ ಸಮುದ್ರವಿದೆ, ಆದರೆ ಅನ್ಯಾಯದ ಜಾತಿ ಒಂದೇ ಎಂದು ಅವರು ಕಂಡಿದ್ದರು.

ಮೂವರು ತರುಣರ ಕೊಲೆಯ ಸುದ್ದಿ ಕೊಜೋಲರನ್ನು ಮನೆಯಲ್ಲಿ ಕೂರಗೊಡಲಿಲ್ಲ. ಬಾಸ್ಟನ್ನಿನಲ್ಲಿ ಕಪ್ಪು ಜನರು ವಾಸಿಸುವ ರಾಕ್ಸ್‌ಬರಿ ಎಂಬ ಕೇರಿಗೆ ಹೋಗಿ, ಆ ಬೇಸಿಗೆಯಲ್ಲಿ ಮಕ್ಕಳಿಗೆ ಓದು ಕಲಿಸತೊಡಗಿದರು. ಬಳಿಕ ನಗರದ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಬದಲಿ ಶಿಕ್ಷಕರಾಗಿ ಸೇರಿದರು. ನಮ್ಮಲ್ಲಿ ಅತಿಥಿ ಶಿಕ್ಷಕರು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅಂಥದೇ ಭದ್ರತೆಯಿಲ್ಲದ ನೌಕರಿ.

ಬಾಸ್ಟನ್ ಎಂದರೆ ಸಾಮಾನ್ಯ ಊರಲ್ಲ. ಅಮೆರಿಕದ ಮೊಟ್ಟಮೊದಲ ಸಾರ್ವಜನಿಕ ಶಾಲೆ 1635ರಲ್ಲಿ ಹುಟ್ಟಿದ್ದು ಅಲ್ಲಿ. ಆ ನಗರವಿರುವ ಮ್ಯಾಸಚೂಸೆಟ್ಸ್ ರಾಜ್ಯ ಆ ದೇಶದಲ್ಲೇ ಮೊದಲು, 1852ರಲ್ಲಿ, ಕಡ್ಡಾಯ ಶಿಕ್ಷಣದ ಕಾನೂನು ಮಾಡಿತು. ವಿದ್ಯೆಯ ತವರು ಎಂದು ಮೆರೆಯುವ ಆ ಊರಿನಲ್ಲಿ ಕೊಜೋಲರು ಕಂಡದ್ದೇನು? ಅವರ ತರಗತಿಗೆ ಸ್ವಂತದ ಕೋಣೆಯೇ ಇಲ್ಲ. ಸಭಾಂಗಣದ ಒಂದು ಮೂಲೆಯಲ್ಲಿ ಇವರ ಪಾಠ, ಅದೇ ಸಭಾಂಗಣದಲ್ಲಿ ಇನ್ನೊಂದು ತರಗತಿಯ ಪಾಠ, ನಡುವೆ ಹಾಡಿನ ಅಭ್ಯಾಸ. ಒಂದು ದಿನ ಕಿಟಕಿಯ ಚೌಕಟ್ಟೇ ಕಿತ್ತು ಒಳಗೆ ಬಿತ್ತು. ಹಳೆಯ ಪುಸ್ತಕಗಳಲ್ಲಿ ಆಫ್ರಿಕದ ಜನರನ್ನು ಹೀನಾಯವಾಗಿ ಬಣ್ಣಿಸುವ ಪಾಠಗಳು. ಚಿತ್ರ ಬರೆಯುವುದೆಂದರೆ ಪ್ರಾಣ ಬಿಡುತ್ತಿದ್ದ ಒಬ್ಬ ಅನಾಥ ಹುಡುಗನಿದ್ದ. ಅವನ ಚಿತ್ರಗಳನ್ನು ಚಿತ್ರಕಲೆಯ ಅಧ್ಯಾಪಕಿಯೇ ಹರಿದುಹಾಕುತ್ತಿದ್ದರು. ತಪ್ಪು ಮಾಡಿದ ಮಕ್ಕಳನ್ನು ನೆಲಮಾಳಿಗೆಗೆ ಕರೆದೊಯ್ದು ಬೆತ್ತದಿಂದ ಕೈಮೇಲೆ ಹೊಡೆಯುವ ಪದ್ಧತಿಗೆ ಇಲಾಖೆಯ ಒಪ್ಪಿಗೆಯೂ ಇತ್ತು.

ಇಂಥಲ್ಲಿ ಮಕ್ಕಳಿಗೆ ಓದಿನ ಮೇಲೆ ಪ್ರೀತಿ ಹುಟ್ಟಿಸುವುದು ಹೇಗೆ? ಕೊಜೋಲರು ಒಂದು ದಾರಿ ಹಿಡಿದರು. ಪಠ್ಯಪುಸ್ತಕದ ಸತ್ತ ಸಾಲುಗಳನ್ನು ಬದಿಗಿಟ್ಟು, ನಿಜವಾದ ಕವಿಗಳ ನಿಜವಾದ ಪದ್ಯಗಳನ್ನು ತರಗತಿಗೆ ತಂದರು. ಅದರಲ್ಲೊಂದು, ಕಪ್ಪು ಜನಾಂಗದ ಕವಿ ಲ್ಯಾಂಗ್‌ಸ್ಟನ್ ಹ್ಯೂಸರ ಪದ್ಯ. ಮನೆ ಮಾಲೀಕನ ಲಾವಣಿ ಎಂದು ಅದರ ಹೆಸರನ್ನು ಕನ್ನಡಿಸಬಹುದು. ವಿಷಯ ಇಷ್ಟೆ: ಮಾಡು ಸೋರುತ್ತಿದೆ, ಮೆಟ್ಟಿಲು ಮುರಿದಿದೆ. ರಿಪೇರಿ ಮಾಡಿಸು, ಆಮೇಲೆ ಬಾಡಿಗೆ ಕೇಳು ಎನ್ನುತ್ತಾನೆ ಬಾಡಿಗೆದಾರ. ಮಾಲೀಕ ಹೊರಗೆ ಹಾಕುತ್ತೇನೆ ಎನ್ನುತ್ತಾನೆ. ಮಾತಿಗೆ ಮಾತು ಬೆಳೆದು ಪೊಲೀಸರು ಬರುತ್ತಾರೆ. ಜೈಲಿಗೆ ಹೋಗುವವನು ಯಾರು ಎಂದು ನಿಮಗೆ ಹೇಳಬೇಕಾಗಿಲ್ಲ.

ಮಕ್ಕಳ ಕಣ್ಣು ಅರಳಿತು. ಅದು ಅವರ ಮನೆಯದೇ ಕಥೆ. ಅವರ ಮಾಡು, ಅವರ ಮೆಟ್ಟಿಲು, ಅವರ ಅಪ್ಪ. ಓದಲಾರರು, ಕಲಿಯಲಾರರು ಎಂದು ಹೆಸರು ಪಡೆದ ಮಕ್ಕಳು ಆ ಪದ್ಯವನ್ನು ಮೆಚ್ಚಿ ಬಾಯಿಪಾಠ ಮಾಡತೊಡಗಿದರು.

ಇದಕ್ಕೆ ಮೇಷ್ಟರಿಗೆ ದೊರೆತ ಬಹುಮಾನವೇನು? 1965ರ ವಸಂತದಲ್ಲಿ ಕೆಲಸದಿಂದ ವಜಾ! ಇಲಾಖೆ ಒಪ್ಪಿದ ಪಟ್ಟಿಯಲ್ಲಿ ಆ ಪದ್ಯವಿಲ್ಲ, ಪಠ್ಯಕ್ರಮ ಮೀರಿದ್ದೀರಿ, ಇದು ಆರೋಪ. ಮಕ್ಕಳ ತಂದೆ ತಾಯಿಗಳು ಪ್ರತಿಭಟಿಸಿದರು. ಅಧಿಕಾರಿಗಳು ಜಗ್ಗಲಿಲ್ಲ. ಕೊಜೋಲರು ತಾವು ಕಂಡದ್ದನ್ನೆಲ್ಲ ಬರೆದು 1967ರಲ್ಲಿ 'ಎಳೆಯ ವಯಸ್ಸಿನಲ್ಲಿ ಸಾವು' ಎಂಬರ್ಥದ ಹೆಸರಿನ ಪುಸ್ತಕ ಹೊರತಂದರು. ಮರುವರ್ಷ ಅದಕ್ಕೆ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಬಂತು. ಯಾವ ಪಾಠಕ್ಕೆ ನಗರದ ಇಲಾಖೆ ಕೆಲಸ ಕಿತ್ತುಕೊಂಡಿತೋ, ಆ ಪಾಠದ ಕಥೆಗೆ ದೇಶ ಹಾರ ಹಾಕಿತು.

ಅಕ್ಷರಕ್ಕೆ ಹೆದರಿದವರು

ನಲವತ್ತು ಸಾಲೂ ಇಲ್ಲದ ಒಂದು ಪದ್ಯಕ್ಕೆ ಅಷ್ಟು ದೊಡ್ಡ ನಗರದ ಅಧಿಕಾರಿಗಳು ಬೆದರಿದ್ದೇಕೆ? ಈ ಪ್ರಶ್ನೆಯಲ್ಲೇ ಎಲ್ಲ ಗುಟ್ಟೂ ಇದೆ.

ಬಡವರ ಮಕ್ಕಳು ಅಕ್ಷರ ಕಲಿಯುವುದಕ್ಕೆ ಉಳ್ಳವರ ಅಡ್ಡಿಯಿಲ್ಲ. ಚೀಟಿಯ ಮೇಲೆ ಹೆಸರು ಬರೆಯಲು, ಬೋರ್ಡು ನೋಡಿ ಗೇಟು ಹುಡುಕಲು, ಯಂತ್ರದ ಗುಂಡಿ ಗುರುತಿಸಲು ಅವರಿಗೂ ಅಕ್ಷರ ಬಲ್ಲ ಆಳು ಬೇಕು. ಓದಿದ್ದನ್ನು ತನ್ನ ಮನೆಯ ಮಾಡಿಗೆ ಹೋಲಿಸಿ, "ಇದು ಏಕೆ ಹೀಗಿದೆ?" ಎಂದು ಮಗು ಕೇಳಿತೆಂದರೆ ಮಾತ್ರ ಅವರಿಗೆ ಎದೆ ನಡುಗುತ್ತದೆ.

ಅಮೆರಿಕದ ಗುಲಾಮರ ಯಜಮಾನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗುಲಾಮರಿಗೆ ಬರೆಯಲು ಕಲಿಸಬಾರದೆಂದು ದಕ್ಷಿಣ ಕೆರೊಲಿನದಲ್ಲಿ 1740ರಲ್ಲೇ ಕಾನೂನು ಮಾಡಿದ್ದರು. ಬಾಲ್ಟಿಮೋರ್ ನಗರದಲ್ಲಿ ಫ್ರೆಡರಿಕ್ ಡಗ್ಲಾಸ್ ಎಂಬ ಗುಲಾಮ ಹುಡುಗನಿಗೆ ಮನೆಯೊಡತಿ ಅಕ್ಷರ ಹೇಳಿಕೊಡಲು ತೊಡಗಿದಾಗ ಯಜಮಾನ ತಡೆದ. ಓದು ಕಲಿತವನು ಗುಲಾಮನಾಗಿ ಉಳಿಯಲಾರ ಎಂಬುದು ಅವನ ವಾದ. ಹುಡುಗ ಆ ಮಾತನ್ನು ಕೇಳಿಸಿಕೊಂಡ. ಯಜಮಾನ ಯಾವುದಕ್ಕೆ ಹೆದರುತ್ತಾನೋ ಅದೇ ನನ್ನ ಬಿಡುಗಡೆಯ ದಾರಿ ಎಂದು ತಿಳಿದ. ಜೇಬಿನಲ್ಲಿ ರೊಟ್ಟಿ ಇಟ್ಟುಕೊಂಡು ಬೀದಿಗೆ ಹೋಗಿ, ಹಸಿದ ಬಿಳಿಯ ಹುಡುಗರಿಗೆ ಅದನ್ನು ಕೊಟ್ಟು ಪಾಠ ಹೇಳಿಸಿಕೊಂಡ. ರೊಟ್ಟಿ ಕೊಟ್ಟು ಅಕ್ಷರ ಕೊಂಡ ಆ ಹುಡುಗ 1838ರಲ್ಲಿ ಗುಲಾಮಗಿರಿಯಿಂದ ಪಾರಾದ. 1845ರಲ್ಲಿ ತನ್ನ ಬಾಳಿನ ಕಥೆಯನ್ನು ಅದೇ ಬಾಸ್ಟನ್ನಿನಿಂದ ಪ್ರಕಟಿಸಿದ.

ಗುಲಾಮಗಿರಿ ಹೋದ ಮೇಲೂ ಯಜಮಾನರ ಯುಕ್ತಿ ಹೋಗಲಿಲ್ಲ. ಮಿಸಿಸಿಪ್ಪಿಯಲ್ಲಿ ಕಪ್ಪು ಜನರು ಮತದಾರರಾಗಲು ಹೋದರೆ, ರಾಜ್ಯದ ಸಂವಿಧಾನದ ಒಂದು ಕಲಮನ್ನು ಓದಿ ಅರ್ಥ ಹೇಳು ಎನ್ನುತ್ತಿದ್ದರು. ಮೊದಲು ಓದು ಕಲಿಸುವುದಿಲ್ಲ. ಆಮೇಲೆ ಓದು ಬಾರದವನಿಗೆ ಮತವಿಲ್ಲ ಎನ್ನುವುದು! 1965ರ ಮತದಾನ ಹಕ್ಕಿನ ಕಾನೂನು ಬಂದ ಮೇಲೆಯೇ ಈ ಪರೀಕ್ಷೆ ನಿಂತದ್ದು. ನಮಗಿದು ಹೊಸ ಸುದ್ದಿಯೇ? ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಧರ್ಮಸೂತ್ರ ಬರೆದವರ ನಾಡಿನವರು ನಾವು.

ತೆರಿಗೆಯ ಕೈಚಳಕ

ವಜಾ ಆದ ಮೇಲೆ ಕೊಜೋಲರಿಗೆ ಬಾಸ್ಟನ್ನಿನ ಪಕ್ಕದ ನ್ಯೂಟನ್ ಎಂಬ ಸಿರಿವಂತರ ಊರಿನ ಸಾರ್ವಜನಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬೆಳಕಿನ ಕಟ್ಟಡ, ತರಗತಿಯಲ್ಲಿ ಕಡಿಮೆ ಮಕ್ಕಳು, ಬೇಕಾದಷ್ಟು ಪುಸ್ತಕ. ಅದೂ ಸರ್ಕಾರಿ ಶಾಲೆ, ಇದೂ ಸರ್ಕಾರಿ ಶಾಲೆ. ನಡುವೆ ಕೆಲವೇ ಮೈಲಿ. ಹಾಗಾದರೆ ಈ ಅಂತರ ಬಂದದ್ದೆಲ್ಲಿಂದ?

ಅಂಗಡಿ ನಡೆಸುವ ಬಂಧುಗಳು ಈ ಲೆಕ್ಕವನ್ನು ಗಮನವಿಟ್ಟು ನೋಡಬೇಕು. ಅಮೆರಿಕದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಮನೆ ಜಮೀನುಗಳ ಆಸ್ತಿ ತೆರಿಗೆಯಿಂದ ಬರುತ್ತದೆ. ಬಂಗಲೆಗಳ ಊರಿನಲ್ಲಿ ತೆರಿಗೆಯ ದರ ಕಡಿಮೆಯಿದ್ದರೂ ಹಣ ರಾಶಿ ಬೀಳುತ್ತದೆ. ಗುಡಿಸಲುಗಳ ಕೇರಿಯಲ್ಲಿ ದರ ಎಷ್ಟು ಏರಿಸಿದರೂ ಚಿಲ್ಲರೆಯೇ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ಎಜ್‌ವುಡ್ ಎಂಬುದು ಬಡವರ ಭಾಗ, ಅಲಾಮೊ ಹೈಟ್ಸ್ ಎಂಬುದು ಸಿರಿವಂತರ ಭಾಗ. 1967-68ರಲ್ಲಿ ಎಜ್‌ವುಡ್ಡಿನ ಬಡವರು ನೂರು ಡಾಲರ್ ಬೆಲೆಯ ಆಸ್ತಿಗೆ 1 ಡಾಲರ್ 5 ಸೆಂಟ್ ತೆರಿಗೆ ಕೊಟ್ಟರು. ಅದರಿಂದ ಒಂದು ಮಗುವಿನ ಪಾಲಿಗೆ ಬಂದದ್ದು 26 ಡಾಲರ್. ಅಲಾಮೊ ಹೈಟ್ಸಿನವರು ಕೊಟ್ಟದ್ದು ಬರೀ 85 ಸೆಂಟ್. ಅವರ ಮಗುವಿಗೆ ಬಂದದ್ದು 333 ಡಾಲರ್! ರಾಜ್ಯದ, ಒಕ್ಕೂಟದ ಹಣ ಸೇರಿಸಿದ ಮೇಲೂ ಬಡ ಮಗುವಿಗೆ 356, ಸಿರಿವಂತರ ಮಗುವಿಗೆ 594. ಹೆಚ್ಚು ದರದ ತೆರಿಗೆ ಕೊಟ್ಟವನಿಗೆ ಕಡಿಮೆ ಶಾಲೆ. ಇದಕ್ಕಿಂತ ಚೆನ್ನಾದ ಕೈಚಳಕವನ್ನು ಯಾವ ಬಡ್ಡಿ ಸಾಹುಕಾರನೂ ತೋರಿಸಲಾರ.

ಎಜ್‌ವುಡ್ಡಿನ ಡೆಮಿಟ್ರಿಯೊ ರೊಡ್ರಿಗ್ಸ್ ಎಂಬ ತಗಡು ಕೆಲಸದ ಕಾರ್ಮಿಕರು ಮತ್ತು ಅವರ ನೆರೆಹೊರೆಯವರು ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆಯಾಗಿ, ತೀರ್ಪು ಕೊಟ್ಟಿತು: ಶಿಕ್ಷಣ ತಮ್ಮ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ!

ಕೊಜೋಲರು ಊರೂರು ಅಲೆದು ಈ ಲೆಕ್ಕವನ್ನೆಲ್ಲ ಒಟ್ಟುಮಾಡಿ 1991ರಲ್ಲಿ ಇನ್ನೊಂದು ಪುಸ್ತಕ ಬರೆದರು. ನ್ಯೂಯಾರ್ಕ್ ನಗರದಲ್ಲಿ ಒಂದು ಮಗುವಿನ ಮೇಲೆ ವರ್ಷಕ್ಕೆ ಸುಮಾರು 5,500 ಡಾಲರ್ ಖರ್ಚಾಗುತ್ತಿದ್ದ 1986-87ರಲ್ಲಿ, ಪಕ್ಕದ ಗ್ರೇಟ್ ನೆಕ್ ಎಂಬ ಊರಿನಲ್ಲಿ 11,000ಕ್ಕೂ ಮೀರಿ ಖರ್ಚಾಗುತ್ತಿತ್ತೆಂದು ತೋರಿಸಿದರು. "ಹಣದಿಂದ ಓದು ಬರುತ್ತದೆಯೇ?" ಎಂದು ಅಲ್ಲಿನ ಮಹಾಶಯರೂ ಕೇಳಿದರು. ಕೊಜೋಲರ ಉತ್ತರ ಸರಳ. ಹಣದಿಂದ ಏನೂ ಆಗದಿದ್ದರೆ ನೀವೇಕೆ ನಿಮ್ಮ ಮಕ್ಕಳಿಗಾಗಿ ಅಷ್ಟೊಂದು ಸುರಿಯುತ್ತೀರಿ?

ಇದರ ಫಲವೇನೆಂಬುದನ್ನು ಅವರು ಅದಕ್ಕೂ ಮೊದಲು, 1985ರಲ್ಲಿ, ಬಯಲಿಗೆಳೆದಿದ್ದರು. ಅವರ ಲೆಕ್ಕದಂತೆ ಅಂದಿನ ಅಮೆರಿಕದಲ್ಲಿ ಎರಡೂವರೆ ಕೋಟಿ ವಯಸ್ಕರಿಗೆ ಕೀಟನಾಶಕದ ಡಬ್ಬಿಯ ಮೇಲಿನ ವಿಷದ ಎಚ್ಚರಿಕೆಯನ್ನಾಗಲಿ, ಮಗುವಿನ ಶಾಲೆಯಿಂದ ಬಂದ ಪತ್ರವನ್ನಾಗಲಿ ಓದಲು ಬರುತ್ತಿರಲಿಲ್ಲ. ಇನ್ನೂ ಮೂರೂವರೆ ಕೋಟಿ ಜನರ ಓದು ಬದುಕಿಗೆ ಸಾಲದಷ್ಟು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದ ಕಥೆ ಇದು. ದುಡ್ಡಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಬಡವನ ಮಗುವಿಗೆ ಕೊಡುವ ಮನಸ್ಸಿಗೆ.

ಬಡವರ ಮೇಲೆ ಬಡವರು

ಕಾರ್ಮಿಕ ಬಂಧುಗಳು ನೆನಪಿಡಬೇಕಾದ ಇನ್ನೊಂದು ಪಾಠ ಬಾಸ್ಟನ್ನಿನಲ್ಲಿದೆ. ಕಪ್ಪು ಮಕ್ಕಳಿಗೊಂದು ಶಾಲೆ, ಬಿಳಿಯ ಮಕ್ಕಳಿಗೊಂದು ಶಾಲೆ ಎಂಬ ಪದ್ಧತಿಯನ್ನು ಮುರಿಯಲು 1974ರಲ್ಲಿ ಅಲ್ಲಿನ ನ್ಯಾಯಾಧೀಶರು ಒಂದು ಆದೇಶ ಹೊರಡಿಸಿದರು. ಆ ಭಾಗದ ಮಕ್ಕಳನ್ನು ಈ ಭಾಗಕ್ಕೆ, ಈ ಭಾಗದವರನ್ನು ಆ ಭಾಗಕ್ಕೆ ಬಸ್ಸಿನಲ್ಲಿ ಕಳಿಸಬೇಕು. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ದಿನ ದಕ್ಷಿಣ ಬಾಸ್ಟನ್ನಿನಲ್ಲಿ ಕಪ್ಪು ಮಕ್ಕಳ ಬಸ್ಸಿನ ಮೇಲೆ ಕಲ್ಲು ಬಿತ್ತು. ಕಲ್ಲು ಎಸೆದವರು ಯಾರು? ಬಂಗಲೆಯವರಲ್ಲ. ದಕ್ಷಿಣ ಬಾಸ್ಟನ್ ದುಡಿಯುವ ಬಿಳಿಯರ ಕೇರಿ. ಅವರ ಶಾಲೆಗಳೂ ಹೇಳಿಕೊಳ್ಳುವಂಥವಲ್ಲ. ಸಿರಿವಂತರ ಹೊರವಲಯದ ಊರುಗಳನ್ನು ಈ ಕೂಡಿಕೆಯಿಂದ ಹೊರಗಿಡಲು ಸುಪ್ರೀಂ ಕೋರ್ಟು ಅದೇ ವರ್ಷದ ಜುಲೈನಲ್ಲಿ, ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ, ದಾರಿ ಮಾಡಿಕೊಟ್ಟಿತ್ತು. ಹೀಗೆ ಹರಕು ಶಾಲೆಯ ಬಡವರೂ ಮುರುಕು ಶಾಲೆಯ ಬಡವರೂ ಬೀದಿಯಲ್ಲಿ ಹೊಡೆದಾಡಿದರು. ಒಳ್ಳೆಯ ಶಾಲೆಯವರು ಬಾಗಿಲು ಹಾಕಿಕೊಂಡು ಸಂಜೆಯ ಪತ್ರಿಕೆಯಲ್ಲಿ ಸುದ್ದಿ ಓದಿದರು.

ಆಮೇಲೆ ಬಂದದ್ದು ಪರೀಕ್ಷೆಯ ಹುಚ್ಚು. 2002ರ ಜನವರಿಯಲ್ಲಿ ಯಾವ ಮಗುವನ್ನೂ ಹಿಂದೆ ಬಿಡೆವು ಎಂಬ ಸುಂದರ ಹೆಸರಿನ ಕಾನೂನು ಅಲ್ಲಿ ಜಾರಿಗೆ ಬಂತು. ಮೂರರಿಂದ ಎಂಟನೆಯ ತರಗತಿಯವರೆಗೆ ವರ್ಷವರ್ಷವೂ ಓದು ಮತ್ತು ಲೆಕ್ಕದ ಪರೀಕ್ಷೆ. ಅಂಕ ಬಾರದ ಶಾಲೆಗೆ ಶಿಕ್ಷೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪುಸ್ತಕ ಕೊಡದೆ, ಕೋಣೆ ಕೊಡದೆ, ಅಂಕ ಮಾತ್ರ ಕೇಳಿದರೆ, ಮೇಷ್ಟರು ಕಥೆ ಪದ್ಯ ಬಿಟ್ಟು ಪರೀಕ್ಷೆಯ ಗಿಣಿಪಾಠ ಹೇಳದೆ ಇನ್ನೇನು ಮಾಡಿಯಾರು? 2007ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕೊಜೋಲರು ಇದನ್ನು ಪ್ರತಿಭಟಿಸಿ ಎರಡು ತಿಂಗಳಿಗೂ ಮೀರಿ ಅರೆ ಉಪವಾಸ ಹೂಡಿದರು. ಸತ್ಯಾಗ್ರಹ ಎಂದರೇನೆಂದು ಬಲ್ಲ ನಮಗೆ ಇದರ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆ ಕಾನೂನು 2015ರ ಕೊನೆಯಲ್ಲಿ ಹೋಗಿ ಬೇರೊಂದು ಬಂತು. ಬಡವರ ಶಾಲೆಗೂ ಸಿರಿವಂತರ ಶಾಲೆಗೂ ನಡುವಣ ಗೋಡೆ ಮಾತ್ರ ಹೋಗಲಿಲ್ಲ. 2024ರಲ್ಲೂ ಅವರು ಅದರ ವಿರುದ್ಧವೇ ಪುಸ್ತಕ ಬರೆದರು.

ಕೊಜೋಲರ ವಿಷಯದಲ್ಲಿ ನಮ್ಮ ಆಕ್ಷೇಪ ಒಂದಿದೆ, ಅದನ್ನೂ ಮುಚ್ಚಿಡುವುದಿಲ್ಲ. ಪುಸ್ತಕಕ್ಕೆ ಪ್ರಶಸ್ತಿ ಬಂದ ಮಾತ್ರಕ್ಕೆ ಶಾಲೆಯ ಮಾಡು ಸೋರುವುದು ನಿಲ್ಲುವುದಿಲ್ಲ. ಓದುಗರ ಮನಸ್ಸು ಕರಗಿದರೆ ಸಾಲದು, ಸಂಘಟಿತ ಜನರ ಒತ್ತಾಯ ಬೇಕು. ಆದರೆ ಇದನ್ನು ಅವರೂ ಬಲ್ಲರು. ವಜಾ ಆದ ಕೆಲವು ವರ್ಷಗಳಲ್ಲೇ ಬಾಸ್ಟನ್ನಿನಲ್ಲಿ, ಬೀದಿ ಬದಿಯ ಅಂಗಡಿ ಮಳಿಗೆಯಲ್ಲಿ, ಜನರೇ ನಡೆಸುವ ಕಲಿಕೆಯ ಕೇಂದ್ರಕ್ಕೆ ಹೆಗಲು ಕೊಟ್ಟವರು ಅವರು. ದಾನ ನ್ಯಾಯದ ಜಾಗಕ್ಕೆ ಬರಲಾರದು ಎಂದು ಮತ್ತೆ ಮತ್ತೆ ಹೇಳಿದವರು.

ನಮ್ಮ ಮನೆಯ ಮಾತು

ಈಗ ನಮ್ಮ ಅಂಗಳದ ಗಣ್ಯರ ಕಡೆಗೆ ತಿರುಗೋಣ. ಮಹನೀಯರೇ, ತಂದೆ ತಾಯಿಗೆ ಆಸಕ್ತಿ ಇಲ್ಲ ಎಂದಿರಿ. ಬಾಸ್ಟನ್ನಿನ ಅಧಿಕಾರಿಗಳೂ ಬಡ ಮಕ್ಕಳ ಬಗ್ಗೆ ಇದೇ ಧಾಟಿಯ ಮಾತಾಡುತ್ತಿದ್ದರು. ಆಸಕ್ತಿ ಹುಟ್ಟಿಸಿದ ಮೇಷ್ಟರನ್ನು ಮಾತ್ರ ಮನೆಗೆ ಕಳಿಸಿದರು.

ಅಮೆರಿಕದ ನ್ಯಾಯಾಲಯ ಕೊಡದೆ ಹೋದ ಹಕ್ಕು ನಮ್ಮ ಸಂವಿಧಾನದಲ್ಲಿದೆ. 2002ರ 86ನೆಯ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. 2009ರ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದರಿಂದ ಐದರವರೆಗೆ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎನ್ನುತ್ತದೆ ಆ ಕಾಯ್ದೆ. ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆ ಪುಸ್ತಕಗಳಿರಬೇಕು ಎನ್ನುತ್ತದೆ. ನಿಮ್ಮ ಮಗುವಿನ ಶಾಲೆಗೆ ಪತ್ರಿಕೆ ಬರುತ್ತದೆಯೇ? ಪುಸ್ತಕದ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಬಹುಪಾಲು ಸ್ಥಾನ ತಂದೆ ತಾಯಿಗಳದು. ಸಭೆಗೆ ಹೋಗಿ ಈ ಎರಡು ಪ್ರಶ್ನೆ ಕೇಳಿ ಬನ್ನಿ.

ಅಂಗಡಿಯ ಬಂಧುಗಳೇ, ನಿಮ್ಮ ಆಸ್ತಿ ತೆರಿಗೆಯ ರಸೀದಿಯನ್ನೊಮ್ಮೆ ತೆಗೆದು ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ನಿಮ್ಮ ಗಲ್ಲಾದಿಂದ ಹೋದ ಆ ಹಣ ಗ್ರಂಥಾಲಯ ಇಲಾಖೆಗೆ ಪೂರ್ತಿ ತಲುಪಿತೇ, ನಿಮ್ಮ ವಾರ್ಡಿನಲ್ಲಿ ಅದರಿಂದ ಎಷ್ಟು ಪುಸ್ತಕ ಬಂತು ಎಂದು ಕೇಳುವ ಹಕ್ಕು ನಿಮ್ಮದು. ಗಿರಾಕಿಯಿಂದ ನಾಲ್ಕಾಣೆ ಬಾಕಿ ಬಿಡದವರು ನೀವು. ಈ ಬಾಕಿಯನ್ನು ಬಿಟ್ಟದ್ದೇಕೆ?

ಇನ್ನು ನಮ್ಮ ತಪ್ಪಿನ ಮಾತು. ಶಾಲೆ ಕೆಟ್ಟಿತೆಂದು ನಮ್ಮವರು ಏನು ಮಾಡುತ್ತಿದ್ದಾರೆ? ಚೀಟಿ ಎತ್ತಿ, ಕಿವಿಯ ಓಲೆ ಅಡವಿಟ್ಟು, ಮಗುವನ್ನು ಗಲ್ಲಿಯ ಇಂಗ್ಲಿಷ್ ಶಾಲೆಗೆ ಹಾಕುತ್ತಿದ್ದಾರೆ. ಟೈ ಕಟ್ಟಿದ ಮಗು ಇಂಗ್ಲಿಷ್ ಪದ್ಯ ಒಪ್ಪಿಸುತ್ತದೆ. ಅಜ್ಜಿಯ ಔಷಧದ ಚೀಟಿಯನ್ನು ಕೈಗೆ ಕೊಟ್ಟರೆ ಇಂಗ್ಲಿಷೂ ಓದಲಾರದು, ಕನ್ನಡದ ಕಾಗದವನ್ನೂ ಓದಲಾರದು. ತಂದೆ ತಾಯಿಯ ಆಸೆಯನ್ನು ನಾವು ಹಳಿಯುವುದಿಲ್ಲ. ಆದರೆ ಒಬ್ಬೊಬ್ಬರಾಗಿ ಓಡಿಹೋದರೆ ಹಿಂದೆ ಉಳಿದವರ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ. ಮಕ್ಕಳು ಕಡಿಮೆಯೆಂದು ಶಾಲೆಯನ್ನು ಇನ್ನೊಂದಕ್ಕೆ ಸೇರಿಸುತ್ತಾರೆ, ಕೊನೆಗೆ ಬಾಗಿಲು ಹಾಕುತ್ತಾರೆ. ಓಡಿಹೋದವನಿಗೂ ಒಳ್ಳೆಯ ಶಾಲೆ ಸಿಗುವುದಿಲ್ಲ. ಬಾಸ್ಟನ್ನಿನ ಹರಕು ಶಾಲೆ ಮುರುಕು ಶಾಲೆಗಳ ಕಥೆಯೇ ಇಲ್ಲಿ ಮತ್ತೆ ನಡೆಯುತ್ತಿದೆ.

ಒಂದು ಪ್ರದೇಶದ ಎಲ್ಲ ಮಕ್ಕಳಿಗೂ ಒಂದೇ ಸಮಾನ ಶಾಲೆ ಇರಬೇಕೆಂದು 1964-66ರ ಕೊಠಾರಿ ಆಯೋಗ ಹೇಳಿತು. ಸರ್ಕಾರದ ಸಂಬಳ ಪಡೆಯುವವರು, ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸುವಂತೆ ಕ್ರಮ ಕೈಗೊಳ್ಳಬೇಕೆಂದು 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶ ಸರ್ಕಾರಕ್ಕೆ ಆದೇಶಿಸಿತು. ನಮ್ಮ ಗಣ್ಯರು ನೋಟ್‌ಬುಕ್ಕಿನ ಮೇಲೆ ತಮ್ಮ ಚಿತ್ರ ಹಾಕಿಸುವುದನ್ನು ಬಿಟ್ಟು, ಅದೇ ಶಾಲೆಯ ಹಾಜರಿ ಪುಸ್ತಕದಲ್ಲಿ ತಮ್ಮ ಮೊಮ್ಮಗನ ಹೆಸರು ಬರೆಸಲಿ. ಆರು ತಿಂಗಳಲ್ಲಿ ಆ ಶಾಲೆಯ ಮಾಡು ಸೋರುವುದು ನಿಂತಿರುತ್ತದೆ, ಖಾಲಿ ಹುದ್ದೆಗೆ ಮೇಷ್ಟರೂ ಬಂದಿರುತ್ತಾರೆ. ಇದು ನಮ್ಮ ಸವಾಲು.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರುವುದಿಲ್ಲ. ಬರುವ ಬಟವಾಡೆಯ ಮರುದಿನದಿಂದ ಸಂಜೆ ಆರೂವರೆಗೆ ಪಕ್ಷದ ಕಚೇರಿಯಲ್ಲಿ ಓದಿನ ತರಗತಿ ನಡೆಯುತ್ತದೆ. ಶುಲ್ಕವಿಲ್ಲ, ಹಾರವಿಲ್ಲ, ಫೋಟೋ ಇಲ್ಲ. ಮಕ್ಕಳನ್ನು ಕಳಿಸಿ. ಪಾಳಿ ಇಲ್ಲದ ದಿನ ನೀವೂ ಬಂದು ಪಕ್ಕದಲ್ಲಿ ಕೂರಿ. ಮನೆಯ ಬಾಡಿಗೆ ಕರಾರು, ಗಿರಣಿಯ ಸಂಬಳದ ಚೀಟಿ, ಆಸ್ತಿ ತೆರಿಗೆಯ ರಸೀದಿ, ಯಾವುದಿದೆಯೋ ಅದನ್ನೇ ಕೈಯಲ್ಲಿ ಹಿಡಿದು ಬನ್ನಿ. ಮೊದಲ ಪಾಠ ಅದರಿಂದಲೇ ಶುರು. ಹಮಾಲಿಯ ಆ ಹುಡುಗ ಈಗ ತರುಣನಾಗಿ ಅದೇ ಮಂಡಿಯಲ್ಲಿ ಮೂಟೆ ಹೊರುತ್ತಿದ್ದಾನೆ. ಅವನ ಮನೆಗೆ ನಾವೇ ಹೋಗಿ, ಅಂದು ಬರೆದದ್ದು ತಪ್ಪಾಯಿತು ಎಂದು ಹೇಳಿ ಕರೆದು ಬಂದಿದ್ದೇವೆ. ಬರುತ್ತೇನೆ ಎಂದಿದ್ದಾನೆ.